ಮರಿಯ ತಾಯಿ ಎಲ್ಲಿ?

"ಮೇಡಂ, ನಾಯಿಮರಿ ಬೆಳಗ್ಗೆಯಿಂದ ವಾಂತಿ ಮಾಡ್ತಾ ಇದೆ. ಗ್ಲೂಕೋಸ್ ನೀರು ಕುಡಿಸಬಹುದಾ?"

ಕಳೆದ ವರ್ಷ ಜೂನ್ ತಿಂಗಳ ಒಂದು ಬುಧವಾರ, ರಾತ್ರಿ ಹತ್ತೂವರೆಗೆ ಬಂದ ಫೋನು ಅದು. ವಿದ್ಯಾರಣ್ಯಪುರದಿಂದ. ನನ್ನ ನಂಬರನ್ನು ಯಾರೋ ಪರಿಚಯದವರು ಅವರಿಗೆ ಕೊಟ್ಟಿದ್ದರು. ನಾನು ಎರಡೇ ಪ್ರಶ್ನೆ ಕೇಳಿದೆ. ಭೇದಿಯಲ್ಲಿ ರಕ್ತ ಇದೆಯಾ? ಮರಿ ಮನೆಗೆ ಬಂದು ಎಷ್ಟು ದಿನ ಆಯ್ತು? ರಕ್ತ ಇದೆ, ಭಾನುವಾರ ತಂದಿದ್ದು, ಅಂದರು. ಅಷ್ಟು ಕೇಳಿದ ಮೇಲೆ ನನಗೆ ಬೇರೆ ಏನೂ ಕೇಳಬೇಕು ಅನ್ನಿಸಲಿಲ್ಲ. ಬಾಯಿಗೆ ಏನೂ ಹಾಕಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ ಅಂದೆ.

ಬೆಂಗಳೂರಿನಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ಮನೆ ಹುಡುಕುವ ಕೆಲಸವನ್ನು ನಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಇಂಥ ಫೋನು ಹೊಸದಲ್ಲ. ಆದರೂ ಈ ಒಂದು ಮನೆಯ ಕತೆಯನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದೆ. ಯಾಕೆಂದರೆ ನಾಯಿಮರಿ ವ್ಯಾಪಾರದ ಎರಡೂ ತುದಿಯನ್ನು ಈ ಮನೆಯವರು ಕಣ್ಣಾರೆ ಕಂಡರು. ಮೊದಲು ಮರಿಯನ್ನು. ಆಮೇಲೆ, ಎಲ್ಲೋ ಕತ್ತಲಲ್ಲಿ ಮರಿ ಹಾಕುತ್ತಾ ಬದುಕಿದ್ದ ಒಂದು ತಾಯಿಯನ್ನು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

ಮರಿ ಬಂದ ದಾರಿ

ಮನೆಯಲ್ಲಿ ನಾಲ್ಕು ಜನ. ಅಪ್ಪ ಬ್ಯಾಂಕಿನಲ್ಲಿ, ಅಮ್ಮ ಶಾಲೆಯಲ್ಲಿ ಟೀಚರ್, ಆರನೇ ಕ್ಲಾಸಿನ ಮಗಳು, ಅಜ್ಜಿ. ಸ್ವಂತ ಮನೆ. ಮುಂದೆ ಸ್ವಲ್ಪ ಅಂಗಳ, ದಾಸವಾಳದ ಗಿಡ, ತುಳಸಿಕಟ್ಟೆ. ಮಗಳು ಮೂರು ವರ್ಷದಿಂದ ನಾಯಿ ಬೇಕು ಅಂತ ಹಟ ಮಾಡುತ್ತಿದ್ದಳು. ಹುಟ್ಟಿದಹಬ್ಬಕ್ಕೆ ಕೊಡಿಸೋಣ ಅಂತ ಅಪ್ಪ ಮೊಬೈಲಿನಲ್ಲಿ ಜಾಹೀರಾತು ನೋಡಿದರು. "ಲ್ಯಾಬ್ರಡಾರ್ ಮರಿ, ಚಾಂಪಿಯನ್ ಬ್ಲಡ್‌ಲೈನ್, 45 ದಿನ, ವ್ಯಾಕ್ಸಿನ್ ಆಗಿದೆ. ಪೇಪರ್ ಬೇಕಂದ್ರೆ 25,000, ಪೇಪರ್ ಇಲ್ದೆ 12,000."

ನಮಗೇನು ಡಾಗ್ ಶೋಗೆ ಹೋಗಬೇಕಾ, ಪೇಪರ್ ಯಾಕೆ, ಅಂತ 12,000ದ ಮರಿಯನ್ನೇ ಒಪ್ಪಿಕೊಂಡರು. ಈ ಪೇಪರ್ ಅನ್ನೋದರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಜಾತಿನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ಬಿನ ಪತ್ರ ಹೇಳುವುದು ಮರಿಯ ವಂಶ ಯಾವುದು ಅಂತ. ಮರಿ ಆರೋಗ್ಯವಾಗಿದೆ, ತಾಯಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಅದು ಹೇಳುವುದಿಲ್ಲ. ಹಾಗಾಗಿ 25,000 ಕೊಟ್ಟಿದ್ದರೂ ಈ ಮನೆಯವರ ಗತಿ ಬೇರೆ ಆಗುತ್ತಿರಲಿಲ್ಲ.

ಮರಿಯನ್ನು ನೋಡೋಕೆ ನಿಮ್ಮಲ್ಲಿಗೇ ಬರ್ತೀವಿ ಅಂದಾಗ ಮಾರುವವನು ಒಪ್ಪಲಿಲ್ಲ. "ಸುಮ್ನೆ ಯಾಕೆ ಸರ್ ಅಷ್ಟು ದೂರ, ನಮ್ಮ ಹುಡುಗನೇ ತಂದ್ಕೊಡ್ತಾನೆ." ಒಂದು ಪೆಟ್ರೋಲ್ ಬಂಕಿನ ಪಕ್ಕ, ಸ್ಕೂಟರಿನ ಮುಂದೆ ಇಟ್ಟಿದ್ದ ರಟ್ಟಿನ ಡಬ್ಬಿಯಿಂದ ಮರಿಯನ್ನು ಎತ್ತಿ ಕೊಟ್ಟ. ಫೋನಿನಲ್ಲೇ ದುಡ್ಡು ಹಾಕಿದರು. ಬಿಲ್ ಇಲ್ಲ. ಒಂದು ವ್ಯಾಕ್ಸಿನೇಷನ್ ಪುಸ್ತಕ ಕೊಟ್ಟ. ಎರಡು ನಿಮಿಷದ ಕೆಲಸ. ಮಗಳು ದಾರಿಯುದ್ದಕ್ಕೂ ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಕೂತಿದ್ದಳಂತೆ. ಮನೆ ಸೇರುವಷ್ಟರಲ್ಲಿ ಬಿಸ್ಕಿ ಅಂತ ಹೆಸರು ಇಟ್ಟಾಗಿತ್ತು.

ಎಂಟು ದಿನ

ಭಾನುವಾರ, ಸೋಮವಾರ ಮರಿ ಚೆನ್ನಾಗಿತ್ತು. ಮಂಗಳವಾರ ಹಾಲು ಬಿಟ್ಟಿತು. ಜಾಗ ಹೊಸದಲ್ವಾ, ಅದಕ್ಕೇ ಇರಬೇಕು ಅಂದುಕೊಂಡರು. ಬುಧವಾರ ವಾಂತಿ, ಭೇದಿ. ಪಾರ್ವೋ ಅಂದರೆ ಮರಿಗಳ ಕರುಳಿಗೆ ತಗಲುವ ವೈರಸ್ ರೋಗ, ಅದರ ಭೇದಿಗೆ ಒಂದು ವಾಸನೆ ಇರುತ್ತದೆ. ಹುಳಿಯೂ ಅಲ್ಲ, ಕೊಳೆತದ್ದೂ ಅಲ್ಲ, ತುಕ್ಕು ಹಿಡಿದ ಕಬ್ಬಿಣದ ಹಾಗೆ. ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಗುರುವಾರ ಬೆಳಗ್ಗೆ ನಾನು ಕ್ಲಿನಿಕ್ಕಿಗೆ ಹೋದಾಗ ಬಾಗಿಲಲ್ಲೇ ಆ ವಾಸನೆ ಬಂತು. ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಮೂಡಿತ್ತು. ಪಾರ್ವೋ ಅಂತ ಖಚಿತವಾಯಿತು.

ಡಾಕ್ಟರು ಮರಿಯ ತುಟಿಯನ್ನು ಮೆಲ್ಲಗೆ ಎತ್ತಿ ನಮಗೆ ತೋರಿಸಿದರು. ಮುಂದಿನ ಹಲ್ಲು ಮುರಿದ ಅಕ್ಕಿಕಾಳಿನಷ್ಟು. ದವಡೆ ಹಲ್ಲು ಇನ್ನೂ ಪೂರ್ತಿ ಹೊರಬಂದಿರಲಿಲ್ಲ. "ಇದಕ್ಕೆಲ್ಲಿ 45 ದಿನ? ಐದು ವಾರ ಆಗಿದ್ರೆ ಹೆಚ್ಚು" ಅಂದರು. ತೂಕ ಒಂದು ಕೆಜಿ ಎಂಟುನೂರು ಗ್ರಾಂ. ಆಮೇಲೆ ವ್ಯಾಕ್ಸಿನೇಷನ್ ಪುಸ್ತಕ ತೆರೆದರು. ನಿಜವಾಗಿ ಲಸಿಕೆ ಹಾಕಿದರೆ ಬಾಟಲಿಯ ಮೇಲಿನ ಸ್ಟಿಕ್ಕರ್ ಕಿತ್ತು ಪುಸ್ತಕಕ್ಕೆ ಅಂಟಿಸುತ್ತಾರೆ. ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಪಕ್ಕದಲ್ಲಿ ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ ಇರಬೇಕು. ಈ ಪುಸ್ತಕದಲ್ಲಿ ಇದ್ದದ್ದು ನೀಲಿ ಬಾಲ್‌ಪೆನ್ನಿನ ಒಂದು ಟಿಕ್ ಗುರುತು, ಒಂದು ತಾರೀಖು. ಅಷ್ಟೇ.

ಮೂರು ದಿನ ಡ್ರಿಪ್ ಹಾಕಿದರು. ಪಾರ್ವೋ ವೈರಸ್ಸನ್ನೇ ಕೊಲ್ಲುವ ಔಷಧಿ ಎಂದು ಇಲ್ಲ. ನೀರಿನಂಶ ಕಳೆದುಹೋಗದ ಹಾಗೆ ನೋಡಿಕೊಳ್ಳಬೇಕು, ವಾಂತಿ ನಿಲ್ಲಿಸಬೇಕು, ಬೇರೆ ಸೋಂಕು ಸೇರದಂತೆ ತಡೆಯಬೇಕು. ಆಮೇಲೆ ಮರಿಯ ಮೈಯೇ ಹೋರಾಡಬೇಕು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಎಷ್ಟೋ ಮರಿಗಳು ಬದುಕುತ್ತವೆ, ನಾನೇ ನೋಡಿದ್ದೇನೆ. ಆದರೆ ಐದು ವಾರದ, ಸೊರಗಿದ ಮೈಯಲ್ಲಿ ಹೋರಾಡಲು ಏನಿತ್ತು? ಡಾಕ್ಟರು ಆಗ ಹೇಳಿದ ಮಾತು ಅಪ್ಪನಿಗೆ ಬಹಳ ತಾಗಿತು. "ತಾಯಿಗೆ ಲಸಿಕೆ ಆಗಿದ್ರೆ ಗಿಣ್ಣು ಹಾಲಲ್ಲಿ ಮರಿಗೂ ಸ್ವಲ್ಪ ರಕ್ಷಣೆ ಬರುತ್ತೆ. ಇದರ ತಾಯಿಗೆ ಯಾರೂ ಏನೂ ಹಾಕಿಲ್ಲ ಅನ್ಸುತ್ತೆ. ನೀವು ತಾಯಿನ ನೋಡಿದ್ರಾ?"

ನೋಡಿರಲಿಲ್ಲ. ಕೇಳಬೇಕು ಅಂತಲೂ ಹೊಳೆದಿರಲಿಲ್ಲ.

ಮರಿ ಡ್ರಿಪ್ಪಿನಲ್ಲಿ ಮಲಗಿದ್ದಾಗ ಅಪ್ಪ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಕಾನೂನು ಓದಿದರು. ನಾಯಿ ತಳಿ ಬೆಳೆಸುವವರಿಗೆ ಅಂತಲೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸದೆ ಈ ವ್ಯಾಪಾರ ನಡೆಸುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೊಂಡವರಿಗೆ ರಸೀದಿ ಕೊಡಬೇಕು. ಹೆಣ್ಣುನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸೂಲು ಕೂಡದು, ಜೀವಮಾನದಲ್ಲಿ ಐದು ಸೂಲು ದಾಟಬಾರದು, ಎಂಟು ವರ್ಷ ದಾಟಿದ ಮೇಲೆ ಮರಿ ಹಾಕಿಸಬಾರದು. ಒಂದೊಂದೇ ಸಾಲು ಓದಿ ನನ್ನ ಮುಖ ನೋಡುತ್ತಿದ್ದರು. "45 ದಿನ ಅಂತ ಅವನೇ ಬರೆದಿದ್ದ ಮೇಡಂ. ಎಂಟು ವಾರ ಅಂದ್ರೆ 56 ದಿನ. ಜಾಹೀರಾತಲ್ಲೇ ತಪ್ಪು ಒಪ್ಕೊಂಡಿದ್ದ. ನನಗೇ ಗೊತ್ತಾಗಲಿಲ್ಲ."

ಭಾನುವಾರ ಬೆಳಗಿನ ಜಾವ ಬಿಸ್ಕಿ ಸತ್ತಿತು. ಮನೆಗೆ ಬಂದು ಅವತ್ತಿಗೆ ಎಂಟನೇ ದಿನ. ಆಸ್ಪತ್ರೆಯ ಖರ್ಚು 19,000 ಆಗಿತ್ತು. ಹುಡುಗಿ ಅಳಲಿಲ್ಲ. ದುಪಟ್ಟಾವನ್ನು ಮಡಚಿ ಕೈಯಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಒಗೆಯಬೇಕು ಅಂತ ಅಮ್ಮ ಕೇಳಿದಾಗ ಕೊಡಲಿಲ್ಲ.

ಶೆಡ್ಡು

ಅಪ್ಪ ಮಾರಿದವನಿಗೆ ಫೋನ್ ಮಾಡಿದರು. ಅವನು ಜಗಳ ಆಡಲಿಲ್ಲ, ನಿಷ್ಠುರದ ಮಾತೂ ಆಡಲಿಲ್ಲ. "ಅಯ್ಯೋ, ನೀವು ಆಹಾರ ಬದಲಾಯಿಸಿರ್ತೀರ ಸರ್. ಇರಲಿ ಬಿಡಿ, ಇನ್ನೊಂದು ಮರಿ ಕೊಡ್ತೀನಿ, ಅರ್ಧ ರೇಟಿಗೆ." ಪಾರ್ವೋ ಸೋಂಕು ತಗಲಿ ರೋಗದ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಮನೆಗೆ ಬಂದ ಮೂರನೇ ದಿನಕ್ಕೇ ಮರಿ ಹಾಲು ಬಿಟ್ಟಿತ್ತು. ರೋಗ ಬಹುಮಟ್ಟಿಗೆ ಅವನ ಮನೆಯಿಂದಲೇ ಬಂದದ್ದು ಅಂತ ಡಾಕ್ಟರು ಆಗಲೇ ಹೇಳಿದ್ದರು. ಆದರೆ ಅಪ್ಪ ವಾದ ಮಾಡಲಿಲ್ಲ. ಸರಿ, ಈ ಸಲ ನಾವೇ ಬಂದು ಆರಿಸ್ಕೋತೀವಿ ಅಂದರು. ಅವನು ಜಾಗ ತಿಳಿಸಿದ. ಮುಂದಿನ ಭಾನುವಾರ ನಾನೂ ಜೊತೆಗೆ ಹೋದೆ.

ಊರಾಚೆ ಒಂದು ಲೇಔಟು. ಅರ್ಧ ಕಟ್ಟಿದ ಮನೆ, ಅದರ ಹಿಂದೆ ಶೀಟಿನ ಶೆಡ್ಡು. ಶೆಡ್ಡಿನ ಬಾಯಿಗೆ ನೀಲಿ ಟಾರ್ಪಾಲು ಇಳಿಬಿಟ್ಟಿದ್ದರು. ಗೇಟಿನ ಹತ್ತಿರಕ್ಕೇ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಒಳಗಿಂದ ಬೊಗಳುವ ಸದ್ದು. ಎಷ್ಟು ನಾಯಿ ಅಂತ ಎಣಿಸಲು ಆಗದ ಹಾಗೆ, ಒಂದರ ಮೇಲೊಂದು.

ಅವನು ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಏಳು ಮರಿ ತಂದಿಟ್ಟ. ನಾಲ್ಕು ಲ್ಯಾಬ್, ಮೂರು ಶಿಟ್ಜು. ಎರಡು ಬೇರೆ ಬೇರೆ ಸೂಲಿನ ಮರಿಗಳನ್ನು ಒಂದೇ ಕ್ರೇಟಿಗೆ ಹಾಕಿದ್ದ. ಒಂದಕ್ಕೆ ರೋಗ ಇದ್ದರೆ ಎಲ್ಲಕ್ಕೂ ಬರುವುದು ಹೀಗೇ. ಅದರಲ್ಲಿ ಒಂದು ಹಳದಿ ಲ್ಯಾಬ್ ಮರಿ ಬೇರೆಯವುಗಳ ಕೆಳಗೆ ಸಿಕ್ಕಿಕೊಂಡು ಸುಮ್ಮನೆ ಬಿದ್ದಿತ್ತು. ಕಣ್ಣಿನ ಮೂಲೆಯಲ್ಲಿ ಪಿಸುರು ಕಟ್ಟಿತ್ತು.

"ತಾಯಿನ ತೋರಿಸಿ" ಅಂದೆ.

"ತಾಯಿ ಊರಲ್ಲಿದೆ ಮೇಡಂ."

"ಮರಿ ಇಲ್ಲಿ, ತಾಯಿ ಊರಲ್ಲಾ?"

"ಇಲ್ಲ, ಅಂದ್ರೆ ಒಳಗಿದೆ. ಹೊರಗಿನೋರು ಬಂದ್ರೆ ಕಚ್ಚುತ್ತೆ."

ದೂರದಿಂದಲೇ ನೋಡ್ತೀವಿ ಅಂದೆ. ಆಗಲ್ಲ ಅಂದ. ಮಾತು ಅಲ್ಲಿಗೆ ನಿಂತಿತು.

ಆ ಹೊತ್ತಿಗೆ ಅಪ್ಪ ಕ್ರೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಆ ಹಳದಿ ಮರಿಯನ್ನು ಮೇಲೆತ್ತಿ ಅಂಗೈಯಲ್ಲಿ ಇಟ್ಟುಕೊಂಡಿದ್ದರು. ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಮೇಡಂ, ಇದನ್ನಾದ್ರೂ ಉಳಿಸೋಣ ಅಲ್ವಾ? ಆರು ಸಾವಿರ ಹೋದ್ರೆ ಹೋಗಲಿ."

ನನ್ನ ಹನ್ನೊಂದು ವರ್ಷದಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಕೇಳಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಕರುಣೆ ಇರುವವರೇ ಕೇಳುವುದು. ನಾನು ಅವರನ್ನು ಪಕ್ಕಕ್ಕೆ ಕರೆದು ಲೆಕ್ಕ ಹೇಳಿದೆ. ಒಂದು ಸೂಲಿಗೆ ಏಳು ಮರಿ ಅಂದುಕೊಳ್ಳಿ. ತಲಾ 12,000 ಅಂದರೆ 84,000. ತಾಯಿಗೆ ಲಸಿಕೆ ಇಲ್ಲ, ಒಳ್ಳೆ ಊಟ ಇಲ್ಲ, ಡಾಕ್ಟರು ಇಲ್ಲ. ಹೆಣ್ಣುನಾಯಿ ಸುಮಾರು ಆರೇಳು ತಿಂಗಳಿಗೆ ಒಮ್ಮೆ ಬೆದೆಗೆ ಬರುತ್ತದೆ, ಗಬ್ಬ ನಿಂತರೆ 63 ದಿನಕ್ಕೆ ಮರಿ ಹಾಕುತ್ತದೆ. ಬಿಡುವು ಕೊಡದೆ ಹೋದರೆ ವರ್ಷಕ್ಕೆ ಎರಡು ಸೂಲು. ಸಾಯುವ ಮರಿಯನ್ನೂ ಅರ್ಧ ಬೆಲೆಗೆ ಕೊಳ್ಳುವವರು ಸಿಕ್ಕರೆ ಅವನಿಗೆ ನಷ್ಟ ಅನ್ನುವುದೇ ಇಲ್ಲ. ನೀವು ಕೊಡುವ ಆರು ಸಾವಿರ ಒಳಗಿರುವ ಆ ತಾಯಿಯ ಮುಂದಿನ ಬೆದೆಯ ಖರ್ಚಿಗೆ ಹೋಗುತ್ತದೆ.

ಅವರು ಮರಿಯನ್ನು ವಾಪಸ್ಸು ಕ್ರೇಟಿನಲ್ಲಿ ಇಟ್ಟರು. ಇಡುವಾಗ ಬೇರೆ ಮರಿಗಳ ಕೆಳಗೆ ಸಿಗದ ಹಾಗೆ ಒಂದು ಮೂಲೆಗೆ ಜಾಗ ಮಾಡಿ ಇಟ್ಟರು. ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ.

ಆ ಮರಿ ಏನಾಯಿತೋ. ನಾನು ಸರಿಯಾದದ್ದನ್ನೇ ಹೇಳಿದೆ ಅಂತ ನನಗೆ ಗೊತ್ತು. ಆದರೂ ಅದರ ಕಣ್ಣಿನ ಪಿಸುರನ್ನು ಒಂದು ಬಟ್ಟೆಯಲ್ಲಿ ಒರೆಸಿಯಾದರೂ ಬರಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ದೂರು

ದೂರು ಕೊಟ್ಟೆವು. ಫೋನಿನಲ್ಲಿ ದುಡ್ಡು ಹಾಕಿದ ದಾಖಲೆ, ಜಾಹೀರಾತಿನ ಫೋಟೋ, ಟಿಕ್ ಗುರುತಿನ ಪುಸ್ತಕ, ಡಾಕ್ಟರ ವರದಿ, ಪಾರ್ವೋ ಕಿಟ್ಟಿನ ಫೋಟೋ ಎಲ್ಲವನ್ನೂ ಜೋಡಿಸಿ ಠಾಣೆಗೆ ಒಂದು ಪ್ರತಿ, ಪ್ರಾಣಿ ಕಲ್ಯಾಣ ಮಂಡಳಿಗೆ ಒಂದು ಪ್ರತಿ. ಬಿಲ್ ಇಲ್ಲದಿದ್ದರೂ ಇಷ್ಟೆಲ್ಲ ಸಾಕ್ಷಿ ಇದ್ದದ್ದು ಅವರ ಜಾಗ್ರತೆಯಿಂದ. ಮರಿ ತಂದು ಮೋಸಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಚಾಟ್ ಅಳಿಸಬೇಡಿ.

ಕೆಲವು ದಿನ ಬಿಟ್ಟು ವಿಚಾರಿಸಿದಾಗ, ಹೋಗಿ ನೋಡಿದೆವು, ಶೆಡ್ಡಿಗೆ ಬೀಗ ಇತ್ತು ಅಂದರು. ಜಾಹೀರಾತು ಮಾತ್ರ ಅದೇ ಫೋಟೋಗಳೊಂದಿಗೆ ಬೇರೆ ನಂಬರಿನಲ್ಲಿ ಮತ್ತೆ ಬಂತು. ಇಷ್ಟು ಧೈರ್ಯ ಹೇಗೆ ಬರುತ್ತದೆ ಅಂತ ಕೇಳಬಹುದು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ 11ನೇ ಸೆಕ್ಷನ್ ಪ್ರಕಾರ ಹಿಂಸೆಯ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಕಾಯ್ದೆಗೆ ಅರುವತ್ತು ವರ್ಷ ದಾಟಿದರೂ ದಂಡ ಇನ್ನೂ ಇಷ್ಟೇ. ಒಂದು ಮರಿಯಿಂದ 12,000 ದುಡಿಯುವವನನ್ನು 50 ರೂಪಾಯಿ ಹೇಗೆ ತಡೆಯುತ್ತದೆ? ಈ ಕಾಯ್ದೆ ಬದಲಾಗಲೇಬೇಕು. ಅದು ಆಗುವ ತನಕ ನಮ್ಮ ಕೈಯಲ್ಲಿ ಉಳಿದಿರುವುದು ಕೊಳ್ಳದೆ ಇರುವುದು.

ನಿಯಮ ಪಾಲಿಸುವ ಬ್ರೀಡರ್‌ಗಳೂ ಇದ್ದಾರೆ. ಮನೆಯೊಳಗೇ ನಾಯಿ ಸಾಕಿ, ತಾಯಿಯನ್ನು ಮುಂದೆ ತಂದು ಕೂರಿಸಿ, ನೋಂದಣಿ ಸಂಖ್ಯೆ ತೋರಿಸಿ, ಮರಿಗೆ ಎಂಟು ವಾರ ಆಗಲಿ ಕಾಯಿರಿ ಅನ್ನುವವರು. ಕೊಂಡವರಿಗೆ ಸಾಕಲು ಆಗದಿದ್ದರೆ ವಾಪಸ್ಸು ತೆಗೆದುಕೊಳ್ಳುವವರು. ಅಂಥವರನ್ನು ನಾನು ಬೈಯುವುದಿಲ್ಲ. ಆದರೆ ಆಶ್ರಯ ಮನೆಗಳು ತುಂಬಿ ಹರಿಯುತ್ತಿರುವಾಗ ನನ್ನ ಮನಸ್ಸು ಮೊದಲು ಆ ಕಡೆಗೇ ಹೋಗುತ್ತದೆ. ಅದರಲ್ಲಿ ಜಾತಿನಾಯಿಗಳೂ ಕಡಿಮೆ ಇಲ್ಲ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಪಗ್ ನಾಯಿಯ ಜಾಹೀರಾತು ಬಂದ ಮೇಲೆ ಎಲ್ಲರಿಗೂ ಪಗ್ ಬೇಕಾಯಿತು. ಆಮೇಲೆ ನಮ್ಮ ಸೆಕೆಯಲ್ಲಿ ಹಿಮದ ನಾಡಿನ ಹಸ್ಕಿ ಬೇಕಾಯಿತು. ಆಸೆ ತೀರಿದ ಮೇಲೆ ಆ ನಾಯಿಗಳು ಎಲ್ಲಿ ಹೋಗುತ್ತವೆ? ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆ, ಬೀದಿಗೆ ಬಿಟ್ಟ ಜಾತಿನಾಯಿಗಳಿಗೆ ಅಂತಲೇ ಸೆಕೆಂಡ್ ಚಾನ್ಸ್ ಎಂಬ ದತ್ತು ಕೇಂದ್ರವನ್ನು ಬೇರೆಯಾಗಿ ನಡೆಸಬೇಕಾಗಿ ಬಂದಿದೆ ಅಂದರೆ ಲೆಕ್ಕ ಹಾಕಿ.

ಮರಿ ಬೇಡ ಅಂದ ಡಾಕ್ಟರು

ಬಿಸ್ಕಿ ಹೋದ ಮೇಲೆ ಮನೆ ತೊಳೆಯುವ ಕೆಲಸ ಇತ್ತು. ಅಜ್ಜಿ ದಿನಾ ಎರಡು ಹೊತ್ತು ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಪಾರ್ವೋ ಫಿನಾಯಿಲಿಗೆ ಸಾಯುವುದಿಲ್ಲ. ಶೆಡ್ಡಿನಲ್ಲಿ ಹೊಡೆದ ಆ ಫಿನಾಯಿಲ್ ವಾಸನೆಯೂ ಬರೀ ಶುಚಿಯ ತೋರಿಕೆ. ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ ಒಂದು ಪಾಲು, ನೀರು ಮೂವತ್ತು ಪಾಲು ಬೆರೆಸಿ, ಮೊದಲು ಸೋಪಿನಲ್ಲಿ ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಲು ಬಿಡಬೇಕು. ನೆಲಕ್ಕೆ, ಬಟ್ಟಲಿಗೆ ಅದು ಸರಿ. ಆದರೆ ಅಂಗಳದ ಮಣ್ಣಿಗೆ ಏನು ಮಾಡುತ್ತೀರಿ? ದಾಸವಾಳದ ಬುಡದಲ್ಲಿ ಮರಿ ಎರಡು ಸಲ ಭೇದಿ ಮಾಡಿತ್ತು. ಮಣ್ಣಿನಲ್ಲಿ ಆ ವೈರಸ್ಸು ತಿಂಗಳುಗಟ್ಟಲೆ, ನೆರಳಿದ್ದರೆ ಒಂದು ವರ್ಷದ ತನಕವೂ ಉಳಿಯಬಹುದು.

ಹಾಗಾಗಿ ಡಾಕ್ಟರು ಖಂಡಿತವಾಗಿ ಹೇಳಿದರು. ಒಂದು ವರ್ಷ ಈ ಮನೆಗೆ ಮರಿ ತರಬೇಡಿ. ಲಸಿಕೆ ಪೂರ್ತಿ ಆದ ದೊಡ್ಡ ನಾಯಿಯಾದರೆ ಅಡ್ಡಿ ಇಲ್ಲ.

ಈ ಮಾತು ಇಡೀ ಪ್ರಕರಣವನ್ನು ತಿರುಗಿಸಿತು. ದತ್ತು ಕೇಳಿಕೊಂಡು ಬರುವ ನೂರು ಜನರಲ್ಲಿ ಬಹುತೇಕ ಎಲ್ಲರೂ ಕೇಳುವುದು ಮರಿಯನ್ನೇ. ದೊಡ್ಡ ನಾಯಿ ಹೊಂದಿಕೊಳ್ಳಲ್ಲ ಅನ್ನುವ ಭಯ. ಆಶ್ರಯ ಮನೆಗಳಲ್ಲಿ ವರ್ಷಗಟ್ಟಲೆ ಉಳಿದುಬಿಡುವುದು ಆ ದೊಡ್ಡ ನಾಯಿಗಳೇ. ಈ ಮನೆಗೆ ಮಾತ್ರ ದೊಡ್ಡ ನಾಯಿಯನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ.

ಮೊದಲು ನಾನು ತೋರಿಸಿದ್ದು ನಮ್ಮ ನಾಡಿನ ನಾಯಿಗಳನ್ನೇ. ನನ್ನ ಮನೆಯಲ್ಲಿ ಇರುವವನೂ ಬೀದಿಯಲ್ಲಿ ಹುಟ್ಟಿದ ಕರಿಯನೇ. ನಮ್ಮ ಹವೆಗೆ ಹೊಂದಿದ ಮೈ, ಮೂರು ಹೊತ್ತು ಬಾಚಬೇಕಾದ ಕೂದಲಿಲ್ಲ, ತೀಕ್ಷ್ಣ ಬುದ್ಧಿ. ಕಿವಿಯ ತುದಿಯಲ್ಲಿ ಸಂತಾನಹರಣ ಆಪರೇಷನ್ ಆದ ಗುರುತಿನ ಕಚ್ಚು ಇದ್ದ, ಮೂರು ವರ್ಷದ ಕೆಂಚು ಬಣ್ಣದ ಒಂದು ಗಂಡುನಾಯಿ ಹುಡುಗಿಗೆ ತುಂಬಾ ಹಿಡಿಸಿತು. ಎರಡು ಸಲ ನೋಡಲು ಹೋದಳು. ಅವನು ಗೋಡೆಗೆ ಮುಖ ಮಾಡಿ ಕೂತವನು ತಿರುಗಲೇ ಇಲ್ಲ. ಮಕ್ಕಳಿರುವ ಮನೆಗೆ ಇವನನ್ನು ಈಗಲೇ ಕಳಿಸೋದು ಬೇಡ ಅಂತ ನೋಡಿಕೊಳ್ಳುವವರೇ ಅಂದರು. ಅವನು ಇನ್ನೂ ಅಲ್ಲೇ ಇದ್ದಾನೆ. ಅದು ನನಗೆ ಬೇಸರದ ವಿಷಯ.

ಗೌರಿ

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಒಂದು ಹೆಣ್ಣು ಲ್ಯಾಬ್ ಸಿಕ್ಕಿತು. ಊರ ಹೊರಗಿನ ರಸ್ತೆಯಲ್ಲಿ, ಮಳೆಯಲ್ಲಿ, ಮುಚ್ಚಿದ ಟೀ ಅಂಗಡಿಯ ಕಟ್ಟೆ ಕೆಳಗೆ. ಕುತ್ತಿಗೆಯಲ್ಲಿ ಪಟ್ಟಿ ಇರಲಿಲ್ಲ, ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಇರಲಿಲ್ಲ. ಮನೆ ತಪ್ಪಿಸಿಕೊಂಡ ನಾಯಿ ಅಂತ ಮೊದಲು ಅಂದುಕೊಂಡೆವು. ಕ್ಲಿನಿಕ್ಕಿನ ಟೇಬಲ್ ಮೇಲೆ ಮಲಗಿಸಿದಾಗ ಗೊತ್ತಾಯಿತು.

ಹೊಟ್ಟೆಯ ಚರ್ಮ ಜೋತುಬಿದ್ದು ಟೇಬಲ್ ಮೇಲೆ ಹರಡಿಕೊಂಡಿತು. ಮೊಲೆತೊಟ್ಟುಗಳು ಎಳೆದು ಎಳೆದು ಉದ್ದವಾಗಿದ್ದವು. ನಡುವೆ ಸಿಸೇರಿಯನ್ ಹೊಲಿಗೆಯ ಗುರುತು ಎರಡು, ಒಂದರ ಪಕ್ಕ ಒಂದು. ಮೊಣಕೈಯಲ್ಲಿ ಸಿಮೆಂಟ್ ನೆಲಕ್ಕೆ ಉಜ್ಜಿ ಉಜ್ಜಿ ರೊಟ್ಟಿಯ ಸೀದ ಅಂಚಿನ ಹಾಗೆ ಗಟ್ಟಿ ಕಪ್ಪು ಚರ್ಮ. ಡಾಕ್ಟರು ಬಾಯಿ ತೆರೆದು ಕೋರೆಹಲ್ಲಿನ ಹಿಂಭಾಗ ತೋರಿಸಿದರು. ಮುಂದಿನಿಂದ ನೋಡಿದರೆ ಹಲ್ಲು ಸರಿಯಾಗಿಯೇ ಇದೆ. ಹಿಂದೆ ಮಾತ್ರ ಅರ್ಧ ಸವೆದಿದೆ. ಪಂಜರದ ಸರಳನ್ನು ವರ್ಷಗಟ್ಟಲೆ ಕಚ್ಚಿ ಎಳೆದರೆ ಹಲ್ಲು ಹಾಗೆ ಸವೆಯುತ್ತದೆ. ಸುಮಾರು ಆರು ವರ್ಷ, ತೂಕ 21 ಕೆಜಿ. ಎಷ್ಟು ಸೂಲು ಆಗಿರಬಹುದು ಅಂತ ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು.

ಬಿಸ್ಕಿಯ ತಾಯಿ ಇದೇ ಅಂತ ನಾನು ಹೇಳುತ್ತಿಲ್ಲ. ಸಿಕ್ಕಿದ ಜಾಗ ಆ ಶೆಡ್ಡಿಗೆ ತೀರಾ ದೂರ. ಆದರೆ ಇಂಥದೇ ಯಾವುದೋ ಟಾರ್ಪಾಲಿನ ಹಿಂದೆ ಇದ್ದವಳು, ಇನ್ನು ಮರಿ ಆಗಲ್ಲ ಅಂತಾದ ಮೇಲೆ ಬೀದಿಗೆ ಬಿದ್ದವಳು. ಇವಳ ಮರಿಗಳೂ ಎಲ್ಲೋ ಪೆಟ್ರೋಲ್ ಬಂಕಿನ ಪಕ್ಕ ಕೈ ಬದಲಾಗಿರುತ್ತವೆ.

ಗರ್ಭಕೋಶದ ಆಪರೇಷನ್ ಆಯಿತು. ಎರಡು ಸುತ್ತು ಲಸಿಕೆ ಆಯಿತು. ನಾನು ವಿದ್ಯಾರಣ್ಯಪುರಕ್ಕೆ ಫೋನ್ ಮಾಡಿ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ವಯಸ್ಸಾಗಿದೆ, ಎದೆಯಲ್ಲಿ ಒಂದು ಗಂಟಿದೆ, ತೆಗೆಸಬೇಕು, ಚೆಂಡು ಆಡುವ ನಾಯಿ ಅಲ್ಲ. ಅಜ್ಜಿ ಒಪ್ಪಲಿಲ್ಲ. "ಹೆತ್ತು ಹೆತ್ತು ಸೋತಿರೋ ಜೀವ ಕಣಮ್ಮ ಅದು. ಅದೂ ನಮ್ಮನೇಲಿ ಹೋಗಿಬಿಟ್ರೆ ಮಗು ಮತ್ತೆ ತಡ್ಕೊಳಲ್ಲ." ಆ ಮಾತಿನಲ್ಲಿ ತೂಕ ಇತ್ತು. ನಾನು ಒತ್ತಾಯ ಮಾಡಲಿಲ್ಲ. ಎರಡು ವಾರ ಸುಮ್ನೆ ಇಟ್ಟುಕೊಂಡು ನೋಡಿ, ಆಗದಿದ್ದರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂದೆ. ದತ್ತು ಕೊಡುವವರು ಹೀಗೆ ವಾಪಸ್ಸು ತೆಗೆದುಕೊಳ್ಳುವ ಮಾತು ಕೊಡಲೇಬೇಕು.

ಅಕ್ಟೋಬರ್ ನಡುವಿನಲ್ಲಿ ಗೌರಿ ಆ ಮನೆಗೆ ಹೋದಳು. ಮೆಟ್ಟಿಲು ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಅಂಗಳದಿಂದ ವರಾಂಡಕ್ಕೆ ಮೂರು ಮೆಟ್ಟಿಲು. ಮೊದಲನೆಯದರ ಮುಂದೆ ನಿಂತು ನಡುಗಿದಳು. ಅಪ್ಪ ಎತ್ತಿಕೊಂಡು ಹೋಗಬೇಕಾಯಿತು. ಮನೆಯೊಳಗೆ ಎಲ್ಲಿ ನಿಂತಳೋ ಅಲ್ಲೇ ಉಚ್ಚೆ. ಇದು ಒಂದು ತಿಂಗಳು ನಡೆಯಿತು. ಪಕ್ಕದ ಮನೆಯ ಶೀಟಿನ ಮೇಲೆ ಮಳೆ ಬಿದ್ದರೆ ಎದ್ದು ನಿಂತು, ಮಳೆ ನಿಲ್ಲುವ ತನಕ ಕೂರುತ್ತಿರಲಿಲ್ಲ. ಪೊರಕೆ ಕಂಡರೆ ಗುರ್ ಅನ್ನುತ್ತಿದ್ದಳು. ಬಟ್ಟಲಲ್ಲಿ ಹಾಕಿದ ಅನ್ನ ಮುಟ್ಟುತ್ತಿರಲಿಲ್ಲ, ನೆಲಕ್ಕೆ ಸುರಿದರೆ ತಿನ್ನುತ್ತಿದ್ದಳು. ಅಮ್ಮ ಎರಡು ಸಲ ನನಗೆ ಫೋನ್ ಮಾಡಿ ಅತ್ತರು. ಸಾಕಾಗಿದೆ ಅಂತ ಅಲ್ಲ, ನಾವು ಏನೋ ತಪ್ಪು ಮಾಡ್ತಿದ್ದೀವಿ ಅಂತ. ಹೊಸ ಮನೆಗೆ ಬಂದ ನಾಯಿಗೆ ಭಯ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ನಮ್ಮವರು ಅನ್ನಿಸಲು ಮೂರು ತಿಂಗಳು ಅಂತ ನಾವು ಹೇಳುತ್ತಿರುತ್ತೇವೆ. ಗೌರಿಗೆ ಇನ್ನೂ ಜಾಸ್ತಿ ಬೇಕಾಯಿತು.

ಎರಡನೇ ವಾರ ಮಗಳ ಶಾಲೆಯ ಕಾಲುಚೀಲ ಒಂದೊಂದೇ ಕಾಣೆಯಾಗತೊಡಗಿದವು. ಹುಡುಕಿದಾಗ ಅಜ್ಜಿಯ ಮಂಚದ ಕೆಳಗೆ ಸಿಕ್ಕವು. ಐದು ಬಿಳಿ ಕಾಲುಚೀಲ. ಹರಿದಿರಲಿಲ್ಲ, ಒಂದು ಹಲ್ಲಿನ ಗುರುತೂ ಇರಲಿಲ್ಲ. ಎಲ್ಲವನ್ನೂ ಹೊಟ್ಟೆಯ ಹತ್ತಿರ ಸೇರಿಸಿಕೊಂಡು, ಸುತ್ತಲೂ ಮೈ ಬಾಗಿಸಿ ಮಲಗಿದ್ದಳು. ಒಂದನ್ನು ನೆಕ್ಕುತ್ತಿದ್ದಳು. ಬೆದೆಯ ಆಸುಪಾಸಿನಲ್ಲಿ ಗರ್ಭಕೋಶ ತೆಗೆದರೆ ಕೆಲವು ನಾಯಿಗಳಿಗೆ ಹೀಗೆ ಸುಳ್ಳು ಬಾಣಂತನ ಬರುತ್ತದೆ, ತಾನಾಗಿ ಇಳಿಯುತ್ತದೆ, ಕಿತ್ತುಕೊಳ್ಳಬೇಡಿ ಅಂತ ಡಾಕ್ಟರು ಹೇಳಿದರು. ಅಜ್ಜಿ ಅವತ್ತು ಮಂಚದ ಪಕ್ಕ ನೆಲದ ಮೇಲೆ ಕೂತರು. ಮಂಡಿನೋವಿನಿಂದ ವರ್ಷಗಳಿಂದ ನೆಲಕ್ಕೆ ಕೂರದವರು. ಎರಡು ವಾರ ಆದ ಮೇಲೆ ನಾನು ಕರೆದುಕೊಂಡು ಹೋಗಲು ಬರಲಾ ಅಂತ ಕೇಳಿದಾಗ ಫೋನ್ ಎತ್ತಿದ್ದು ಅಜ್ಜಿಯೇ. "ಬಾಣಂತಿನ ಎಲ್ಲಿಗಮ್ಮ ಕಳಿಸೋದು?" ಅಂದರು.

ಹಣದ ವಿಷಯವನ್ನೂ ಹೇಳಬೇಕು. ದತ್ತು ತಂದರೆ ಖರ್ಚಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೌರಿಗೆ ಬೆಲೆ ಕೊಡಲಿಲ್ಲ. ಆದರೆ ಗಂಟು ತೆಗೆಸಿದ್ದು, ರಕ್ತ ಪರೀಕ್ಷೆ, ಔಷಧಿ ಎಲ್ಲ ಸೇರಿ ಐದು ತಿಂಗಳಲ್ಲಿ 16,000 ಆಯಿತು. ಬಿಸ್ಕಿಗೆ ಎಂಟು ದಿನದಲ್ಲಿ ಹೋದದ್ದು 31,000. ಗಂಟನ್ನು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಅಲ್ಲ ಅಂತ ಬಂತು. ಎದೆಯ ಇನ್ನೊಂದು ಕಡೆ ಕಡಲೆಕಾಳಿನಷ್ಟು ಬೇರೊಂದು ಇದೆ, ಅದರ ಮೇಲೆ ಕಣ್ಣಿಡಬೇಕು.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಗೌರಿ ಈಗ 27 ಕೆಜಿ. ಮೂರು ಮೆಟ್ಟಿಲನ್ನು ತಾನೇ ಇಳಿದು ಗೇಟಿನ ತನಕ ಬಂದಳು. ಬಾಲ ಅಲ್ಲಾಡಿಸುತ್ತಾಳೆ, ಪೂರ್ತಿ ಅಲ್ಲ, ತುದಿ ಮಾತ್ರ. ಬಟ್ಟಲಲ್ಲೇ ತಿನ್ನುತ್ತಾಳೆ. ಚೆಂಡು ಎಸೆದರೆ ಈಗಲೂ ಎಲ್ಲಿ ಹೋಯಿತು ಅಂತ ನೋಡುತ್ತಾಳೆ, ತರುವುದಿಲ್ಲ. ಹುಡುಗಿ ತಾನೇ ಹೋಗಿ ತರುತ್ತಾಳೆ. ಅಜ್ಜಿ ದಿನಾ ಮಧ್ಯಾಹ್ನ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಕೂತು ಮೊಣಕೈಯ ಗಟ್ಟಿ ಚರ್ಮಕ್ಕೆ ಸವರುತ್ತಾರೆ. ಅದರ ಅಂಚಿನಲ್ಲಿ ಸಣ್ಣ ಹಳದಿ ಕೂದಲು ಹುಟ್ಟುತ್ತಿದೆ, ನೋಡು ಅಂತ ನನ್ನ ಬೆರಳು ಹಿಡಿದು ಮುಟ್ಟಿಸಿದರು.

ಹೊರಡುವಾಗ ಅಡುಗೆಮನೆ ಬಾಗಿಲಿನ ಪಕ್ಕದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಏಕಾದಶಿ, ಸಂಕಷ್ಟಿ, ಗ್ಯಾಸ್ ಬಂದ ದಿನ, ಅದರ ನಡುವೆ ಒಂದು ತಾರೀಖಿಗೆ ಕೆಂಪು ಸ್ಕೆಚ್ ಪೆನ್ನಿನ ಸುತ್ತು. ಹುಡುಗಿಯ ದುಂಡು ಅಕ್ಷರದಲ್ಲಿ ಬರೆದಿತ್ತು: "ಗೌರಿ ಡಾಕ್ಟರ್. ಕಡಲೆಕಾಳು ನೋಡಬೇಕು. ಸ್ಟಿಕ್ಕರ್ ಅಂಟಿಸಿಕೊಂಡು ಬರಬೇಕು."